ಸ್ಟ್ರಿಪ್ಪಿನ ಡಬ್ಬಿಯಲ್ಲಿ ಸುಣ್ಣ

ಮೂವತ್ತೊಂದು ವರ್ಷದಿಂದ ಊರವರ ಮೂತ್ರ ನೋಡಿಕೊಂಡು ಬದುಕಿದವನು ನಾನು. ಇದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡುವುದು ವಾಸಿ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು "ತಾವೇನ್ ಕೆಲ್ಸದಲ್ಲಿದೀರಿ?" ಎಂದು ಕೇಳಿ, ನಾನು ಹೇಳಿ, ಅವರು ತಮ್ಮ ಬಾಳೆಲೆಯನ್ನು ನಾಲ್ಕು ಬೆರಳು ಆಚೆಗೆ ಎಳೆದುಕೊಂಡದ್ದುಂಟು. ನೀವೂ ಎಳೆದುಕೊಳ್ಳುವುದಿದ್ದರೆ ಈಗಲೇ ಎಳೆದುಕೊಳ್ಳಿ. ಕಡೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಲ್ಯಾಬಿದೆ, ನಾನು ಅದರ ಟೆಕ್ನಿಶಿಯನ್. ಜನ ಜೇನುತುಪ್ಪದ ಬಾಟಲಿಯಲ್ಲಿ, ಕೆಮ್ಮಿನ ಟಾನಿಕ್ಕಿನ ಸೀಸೆಯಲ್ಲಿ, ಒಮ್ಮೆ ಒಬ್ಬರು ಮುಚ್ಚಳವಿದ್ದ ಹಿತ್ತಾಳೆ ಗಿಂಡಿಯಲ್ಲಿ ತಂದುಕೊಟ್ಟದ್ದನ್ನೆಲ್ಲ ಪರೀಕ್ಷೆ ಮಾಡಿದ್ದೇನೆ. ಜೇನಿನ ಬಾಟಲಿಯವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಬಾಟಲಿ ತೊಳೆಯುವ ಅಭ್ಯಾಸವಿರಲಿಲ್ಲ.

ಈ ಬರಹದಲ್ಲಿ ಎರಡು ತಪ್ಪೊಪ್ಪಿಗೆಗಳಿವೆ. ಒಂದನ್ನು ಈಗ ಹೇಳುತ್ತೇನೆ, ಇನ್ನೊಂದು ಹಾಲಮ್ಮ ಬಂದ ಮೇಲೆ. ಮೊದಲನೆಯದು ಇಷ್ಟು: ಲೋಕದವರನ್ನೆಲ್ಲ ಪರೀಕ್ಷೆ ಮಾಡಿದ ನಾನು ನನ್ನದೊಂದು ತೊಟ್ಟನ್ನೂ ನೋಡಿಕೊಂಡವನಲ್ಲ. ಹೋದ ಬೇಸಿಗೆಯಿಂದ ನನಗೆ ತಡೆಯಲಾರದ ಬಾಯಾರಿಕೆ. ತಂಬಿಗೆ ನೀರು ಕುಡಿದು ಕೆಳಗಿಡುವಷ್ಟರಲ್ಲಿ ನಾಲಿಗೆ ಮತ್ತೆ ಒಣಗುತ್ತದೆ. ಬೇರೆ ಯಾರಾದರೂ ಬಂದು ಹೀಗೆ ಹೇಳಿದ್ದರೆ "ಕೂತ್ಕೊಳ್ಳಿ, ಬೆರಳು ಕೊಡಿ" ಎನ್ನುತ್ತಿದ್ದೆ. ನನಗೆ ಮಾತ್ರ "ಕಡೂರಿನ ಬಿಸಿಲೇ ಹಾಗೆ" ಎಂದು ಸಮಾಧಾನ ಹೇಳಿಕೊಂಡೆ. ಮಳೆಗಾಲ ಬಂತು. ಆಗ "ಸೆಕೆ" ಎಂದೆ. ಚಳಿ ಬಂದಾಗ ಏನು ಹೇಳುವುದೆಂದು ತಿಳಿಯದೆ ಆ ವಿಷಯವನ್ನೇ ಬಿಟ್ಟೆ.

ಸೂಜಿಯ ಭಯವಲ್ಲ. ರಿಪೋರ್ಟು ಅಂದರೆ ಯಾರಿಗಾದರೂ ತೋರಿಸುವ ಕಾಗದ. ಜನ ಅದನ್ನು ತೆಗೆದುಕೊಂಡು ಮೊದಲು ನೋಡುವುದು ಅಂಕಿಯನ್ನಲ್ಲ, ಜೊತೆಗೆ ಬಂದವರ ಮುಖವನ್ನು. ನಾನು ಯಾರ ಮುಖ ನೋಡಲಿ? ತಂಗಿಯರ ಮದುವೆ ಆಗಲಿ ಎಂದು ಕಾದವನು ನಾನು. ಅವರದೆಲ್ಲ ಆಗುವಷ್ಟರಲ್ಲಿ ನನ್ನ ಎಕ್ಸ್‌ಪೈರಿ ಡೇಟು ಮುಗಿದಿತ್ತು. ಕೊನೆಯ ತಂಗಿ ತರೀಕೆರೆಯಲ್ಲಿದ್ದಾಳೆ, ಹಬ್ಬಕ್ಕೆ ಫೋನ್ ಮಾಡುತ್ತಾಳೆ. "ಊಟ ಆಯ್ತಾ ಅಣ್ಣಾ?" ಎನ್ನುತ್ತಾಳೆ. "ಆಯ್ತಮ್ಮ" ಎನ್ನುತ್ತೇನೆ. ಆಗಿರುವುದು ಬೇಕರಿಯ ಎರಡು ಬನ್ನು, ಸಕ್ಕರೆ ಮುಂದಾದ ಒಂದು ಟೀ ಎಂದು ಹಬ್ಬದ ದಿನ ಹೇಳಲಾಗುತ್ತದೆಯೇ?

ನಮ್ಮ ಲ್ಯಾಬಿನ ಫಾರಂನಲ್ಲಿ ಹೆಸರು, ವಯಸ್ಸು, ಊರು ಆದ ಮೇಲೆ 'ಕಳಿಸಿದವರು' ಎಂಬ ಒಂದು ಕಲಮು ಇದೆ. ಅಲ್ಲಿ ಡಾಕ್ಟರ ಹೆಸರು ಬರೆಯಬೇಕು. ಚೀಟಿಯಿಲ್ಲದೆ ತಾವಾಗಿಯೇ ಬಂದವರಿಗೆ 'ಸೆಲ್ಫ್' ಎಂದು ಬರೆಯುತ್ತೇವೆ. ಖಾಲಿ ಬಿಟ್ಟರೆ ಕಂಪ್ಯೂಟರ್ ಒಪ್ಪುವುದಿಲ್ಲ, ಕಂಪ್ಯೂಟರ್ ಮುಂದೆ ಕೂರುವ ಶೈಲಜಾ ಮೇಡಂ ಅದಕ್ಕಿಂತ ಮೊದಲು ಒಪ್ಪುವುದಿಲ್ಲ. ನನ್ನ ಬದುಕಿಗೇ ಒಂದು ಫಾರಂ ತುಂಬಿಸಿದರೆ ಎಲ್ಲ ಕಲಮಿನಲ್ಲೂ ಇದೇ ಉತ್ತರ. ಅಡುಗೆ ಮಾಡುವವರು, ಸೆಲ್ಫ್. ಬಾಗಿಲು ತೆಗೆಯುವವರು, ಸೆಲ್ಫ್. ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು, ಸೆಲ್ಫ್. ಈ ಕೊನೆಯದರಲ್ಲಿ ಒಂದು ತಾಂತ್ರಿಕ ತೊಂದರೆ ಇದೆ. ತನ್ನ ಹಣೆಯನ್ನು ತಾನೇ ಮುಟ್ಟಿಕೊಂಡರೆ ಜ್ವರ ಗೊತ್ತಾಗುವುದಿಲ್ಲ, ಕೈಯೂ ಅಷ್ಟೇ ಬಿಸಿಯಾಗಿರುತ್ತದೆ.

ಇರಲಿ, ಸ್ಟ್ರಿಪ್ಪಿಗೆ ಬರೋಣ. ಸ್ಟ್ರಿಪ್ಪು ಅಂದರೇನೆಂದು ಬಲ್ಲವರು ಮುಂದಿನ ಎರಡು ಪ್ಯಾರಾ ಹಾರಿಸಬಹುದು. ಹಾರಿಸಿದರೆ ನನಗೆ ಬೇಜಾರಾಗುತ್ತದೆ ಎನ್ನುವುದನ್ನು ಮಾತ್ರ ಮರೆಯಬೇಡಿ.

ಅದೊಂದು ಸಪೂರ ಪ್ಲಾಸ್ಟಿಕ್ ಪಟ್ಟಿ, ಬೆರಳಿಗಿಂತ ತುಸು ಉದ್ದ. ಅದರ ಮೇಲೆ ಸಾಲಾಗಿ ಅಂಟಿಸಿದ ಹತ್ತು ಪುಟ್ಟ ಕಾಗದದ ಚೌಕಗಳು. ಒಂದೊಂದನ್ನೂ ಒಂದೊಂದು ಔಷಧದಲ್ಲಿ ಅದ್ದಿ ಒಣಗಿಸಿರುತ್ತಾರೆ. ಒಂದು ಸಕ್ಕರೆಗೆ, ಒಂದು ಪ್ರೋಟೀನಿಗೆ, ಒಂದು ರಕ್ತಕ್ಕೆ, ಒಂದು ಹುಳಿ ಎಷ್ಟಿದೆ ಎಂದು ನೋಡುವುದಕ್ಕೆ. ಮೂತ್ರದಲ್ಲಿ ಅದ್ದಿ ತೆಗೆದು, ಅಂಚನ್ನು ಬಾಟಲಿಯ ಬಾಯಿಗೆ ಒರೆಸಿ, ಒಂದರ ರಸ ಇನ್ನೊಂದಕ್ಕೆ ಹರಿಯದಂತೆ ಅಡ್ಡಡ್ಡ ಹಿಡಿದು ಅರವತ್ತು ಸೆಕೆಂಡು ಕಾಯಬೇಕು. ಒಣಗಿದ ಔಷಧ ಒದ್ದೆಯಾದ ಕ್ಷಣದಲ್ಲಿ ಕೆಲಸ ಶುರುಮಾಡುತ್ತದೆ. ಸಕ್ಕರೆಯ ಚೌಕದೊಳಗೆ ಎರಡು ಕಿಣ್ವಗಳಿವೆ. ಮೊದಲನೆಯದು ಗ್ಲೂಕೋಸನ್ನು ಹುಡುಕಿ ಹಿಡಿದು, ಆ ಹಿಡಿತದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಎರಡನೆಯದು ಆ ಪೆರಾಕ್ಸೈಡನ್ನು ಬಳಸಿ ಪಕ್ಕದಲ್ಲಿರುವ ಬಣ್ಣವನ್ನು ಬದಲಿಸುತ್ತದೆ. ಮೊದಲಿನವನು ಕಳ್ಳನನ್ನು ಹಿಡಿಯುವವನು, ಎರಡನೆಯವನು ಊರಿಗೆಲ್ಲ ತಮಟೆ ಹೊಡೆದು ಹೇಳುವವನು. ಇಬ್ಬರಲ್ಲಿ ಒಬ್ಬ ರಜೆ ಹಾಕಿದರೂ ಕೆಲಸ ಕೆಟ್ಟಿತು.

ಪ್ರೋಟೀನಿನ ಚೌಕದ್ದು ಇನ್ನೂ ಸ್ವಾರಸ್ಯ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಗಾಗುತ್ತದಲ್ಲ, ಆರತಿಗೆ ಮಾಡುವ ಓಕುಳಿ? ಹುಳಿ, ಸುಣ್ಣ ಹೆಚ್ಚುಕಡಿಮೆಯಾದರೆ ಬಣ್ಣ ಬದಲಿಸುವ ಇಂಥ ಪದಾರ್ಥಗಳು ಬೇಕಾದಷ್ಟಿವೆ. ಪ್ರೋಟೀನಿನ ಚೌಕದಲ್ಲಿ ಇರುವುದೂ ಅಂಥದೊಂದೇ. ಆದರೆ ಅಲ್ಲಿನ ಹುಳಿ ಬದಲಾಗದಂತೆ ಮೊದಲೇ ಬಿಗಿಮಾಡಿರುತ್ತಾರೆ. ಪ್ರೋಟೀನು ಬಂದು ಬಣ್ಣದ ಕಣಕ್ಕೆ ಅಂಟಿಕೊಂಡಾಗ ಆ ಬಣ್ಣಕ್ಕೆ ಹುಳಿಯೇ ಬದಲಾಯಿತೆಂದು ಭ್ರಮೆಯಾಗಿ ಹಳದಿಯಿಂದ ಹಸಿರಿಗೆ ತಿರುಗುತ್ತದೆ. ಅಂದರೆ ಪಾಪ, ಅದು ತಪ್ಪು ತಿಳಿದುಕೊಂಡೇ ನಮಗೆ ನಿಜ ಹೇಳುತ್ತದೆ. ಮೂವತ್ತು ವರ್ಷ ಈ ವಿಷಯವನ್ನು ಯಾರಿಗಾದರೂ ಹೇಳಬೇಕೆಂದು ಕಾದಿದ್ದೆ. ಈಗ ನಿಮಗೆ ಹೇಳಿದೆ.

ನಾನು ಕೆಲಸ ಕಲಿತದ್ದು ಅಜ್ಜಂಪುರದಲ್ಲಿ, ಒಂದೇ ಕೋಣೆಯ ಲ್ಯಾಬಿನಲ್ಲಿ. ಆಗ ಅಲ್ಲಿ ಸ್ಟ್ರಿಪ್ಪಿರಲಿಲ್ಲ. ಬೆನೆಡಿಕ್ಟ್ ದ್ರಾವಣವೆಂಬ ನೀಲಿ ನೀರಿಗೆ ಎಂಟು ತೊಟ್ಟು ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸುತ್ತಿದ್ದೆವು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಇರುತ್ತಿತ್ತು, ಇದ್ದರೆ ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು. ಅದರ ವಾಸನೆ ಬೀದಿಗೆಲ್ಲ ಹರಡುತ್ತಿತ್ತು. ಪಕ್ಕದ ಟೈಲರ್ ಮೂಗಿಗೆ ಬಟ್ಟೆ ಹಿಡಿದು ಇಣುಕಿ, "ಏನ್ ಸ್ವಾಮಿ, ಇವತ್ತು ಯಾರ್ದು ಕುದೀತಾ ಐತೆ?" ಎಂದು ದಿನಾ ಕೇಳುತ್ತಿದ್ದ. ಆಗ ನನಗೆ ಅವಮಾನವಾಗುತ್ತಿತ್ತು. ಈಗ ನನ್ನ ಕೆಲಸಕ್ಕೆ ವಾಸನೆಯೇ ಇಲ್ಲ, ಇಣುಕಿ ಕೇಳುವವರೂ ಇಲ್ಲ. ಅದಕ್ಕೂ ಹಿಂದೆ, ಬಹಳ ಹಿಂದೆ, ಮೂತ್ರಕ್ಕೆ ಇರುವೆ ಮುತ್ತಿದರೆ ಮಧುಮೇಹ ಎಂದು ನಮ್ಮ ವೈದ್ಯರು ತಿಳಿಯುತ್ತಿದ್ದರಂತೆ. ಇರುವೆಗೆ ಬಣ್ಣದ ಚಾರ್ಟು ಬೇಡ, ಕರೆಂಟು ಬೇಡ, ಜೊತೆಗೆ ಅದು ಎಂದೂ ಒಂಟಿಯಾಗಿ ಬರುವುದಿಲ್ಲ.

ಸ್ಟ್ರಿಪ್ಪು ಓದಲು ಅರವತ್ತು ಸೆಕೆಂಡು ಬೇಕು ಅಂದೆನಲ್ಲ. ನನ್ನ ಸಂಸಾರವೆಲ್ಲ ನಡೆದದ್ದು ಆ ಅರವತ್ತು ಸೆಕೆಂಡಿನಲ್ಲಿ. ಎದುರಿಗೆ ಕೂತವರು ಆ ಒಂದು ನಿಮಿಷ ಸುಮ್ಮನಿರಲಾರರು. ಸೊಸೆಯ ವಿಷಯ, ಖಾತೆ ಬದಲಾವಣೆಗೆ ತಾಲ್ಲೂಕು ಆಫೀಸಿಗೆ ಅಲೆದದ್ದು, ಹಾಲು ಕೊಡದ ಎಮ್ಮೆ, ಎಲ್ಲ ಹೇಳುತ್ತಿದ್ದರು. ಆಮೇಲೆ ನಮ್ಮ ಲ್ಯಾಬಿಗೂ ಸ್ಟ್ರಿಪ್ಪನ್ನು ತಾನೇ ಓದುವ ಮಿಷನ್ ಬಂತು. ರಿಪೋರ್ಟು ಫೋನಿಗೆ ಹೋಗತೊಡಗಿತು. ಬಾಟಲಿ ಕಿಟಕಿಯಲ್ಲಿ ಇಟ್ಟು ಜನ ಹೊರಟುಬಿಡುತ್ತಾರೆ. ಈಗ ನಾನು ದಿನಕ್ಕೆ ನಲವತ್ತು ಜನರ ಒಳಗನ್ನು ಬಲ್ಲೆ, ಒಬ್ಬರ ಮುಖವನ್ನೂ ಕಾಣೆ.

ಒಬ್ಬರನ್ನು ಬಿಟ್ಟು. ಸಿಂಗಟಗೆರೆಯ ಹಾಲಮ್ಮ. ಎಪ್ಪತ್ತರ ಆಸುಪಾಸಿನ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಸಂತೆಯ ದಿನ ಬಸ್ಸಿಗೆ ಕಡೂರಿಗೆ ಬಂದು, ಮೊದಲು ನನ್ನ ಹತ್ತಿರ ಬೆರಳು ಚುಚ್ಚಿಸಿಕೊಂಡು ಸಕ್ಕರೆ ನೋಡಿಸಿ, ಆಮೇಲೆ ಸಂತೆಗೆ ಹೋಗುವುದು ಅವರ ಪದ್ಧತಿ. ಕೂತರೆ ಅರ್ಧ ಗಂಟೆ. ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ ತೆಗೆದು, ಅದರ ಬೆನ್ನಿಗೆ ಸುಣ್ಣ ಸವರುತ್ತ ಊರಿನ ಸಮಾಚಾರವೆಲ್ಲ ಹೇಳುವರು. ಲ್ಯಾಬಿನಲ್ಲಿ ಎಲೆ ಹಾಕಬಾರದು ಎಂದು ಗೋಡೆಯ ಮೇಲೆ ಬರೆದಿದೆ. ಆ ಬೋರ್ಡಿಗೆ ಬೆನ್ನು ಮಾಡಿ ಕೂರುವ ಉಪಾಯವನ್ನು ಅವರಿಗೆ ಹೇಳಿಕೊಟ್ಟವನು ನಾನೇ.

ಹೋದ ವರ್ಷ ಲಿಂಗದಹಳ್ಳಿಗೆ ಕೊಟ್ಟ ಮಗಳು ಅವರಿಗೊಂದು ಗ್ಲೂಕೋಮೀಟರ್ ತಂದುಕೊಟ್ಟಳು. ಮನೆಯಲ್ಲೇ ನೋಡ್ಕೊಳ್ಳವ್ವ, ಅಷ್ಟು ದೂರ ಬಸ್ಸಲ್ಲಿ ಯಾಕೆ ಹೋಗ್ತೀಯ ಎಂದಳಂತೆ. ನ್ಯಾಯವಾದ ಮಾತು. ಅದರ ಸ್ಟ್ರಿಪ್ಪೂ ನಮ್ಮ ಪಟ್ಟಿಯ ವಂಶದ್ದೇ, ಬಣ್ಣದ ಬದಲು ಕರೆಂಟಿನ ಲೆಕ್ಕ. ತುದಿಗೆ ರಕ್ತದ ಹನಿ ಮುಟ್ಟಿಸಿದರೆ ಕೂದಲೆಳೆಯಂಥ ಕಾಲುವೆಯಲ್ಲಿ ತಾನೇ ಎಳೆದುಕೊಳ್ಳುತ್ತದೆ. ಒಳಗೆ ಒಣಗಿ ಕೂತ ಕಿಣ್ವ ಎದ್ದು ಸಕ್ಕರೆಯನ್ನು ಹಿಡಿಯುತ್ತದೆ. ಆಗ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಮಿಷನ್ ಅಳೆದು ಐದು ಸೆಕೆಂಡಿನಲ್ಲಿ ಅಂಕಿ ತೋರಿಸುತ್ತದೆ. ಐದೇ ಸೆಕೆಂಡು. ಎಮ್ಮೆಯ ಸುದ್ದಿ ಶುರುಮಾಡಲೂ ಸಾಲದು.

ಹಾಲಮ್ಮ ಬರುವುದು ನಿಂತಿತು. ನಾಲ್ಕು ಸಂತೆ ಕಳೆದವು. ಪ್ರತಿ ಸಂತೆಯ ದಿನ ಸಿಂಗಟಗೆರೆ ಬಸ್ಸು ಬರುವ ಹೊತ್ತಿಗೆ ನಾನು ಕಿಟಕಿಯ ಹತ್ತಿರ ಏನೋ ಕೆಲಸ ಹುಡುಕಿಕೊಂಡು ನಿಲ್ಲುತ್ತಿದ್ದೆ. ಆ ಮೀಟರ್ ಕಂಡುಹಿಡಿದವರ ಮೇಲೆ ನನಗೆ ಸಣ್ಣ ಹಗೆಯೇ ಬೆಳೆಯಿತು. ಐದನೆಯ ಸಂತೆಗೆ ಅವರು ಬಂದರು. ಖುಷಿಯಲ್ಲಿ ನನ್ನ ಬಾಯಿ ತಡವರಿಸಿತು.

"ಏನಪ್ಪಾ, ಚೆನ್ನಾಗಿದೀಯಾ? ನಮ್ಮುಡ್ಗಿ ಕೊಟ್ಟ ಮಿಷನ್ನು ಕೆಟ್ಟೋಯ್ತು ಕಣೋ. ಒಂದಿನ ನಾನೂರು ಅಂತದೆ, ಇನ್ನೊಂದಿನ ಬರೇ ಇಂಗ್ಲಿಷ್‌ನಾಗೆ ಏನೋ ತೋರ್ಸಿ ಸುಮ್ಕಾಯ್ತದೆ" ಎಂದು ಸಂಚಿ ಬಿಚ್ಚಿದರು.

ಒಳಗೆ ನೋಡಿದವನಿಗೆ ಎಲ್ಲ ಅರ್ಥವಾಯಿತು. ಸ್ಟ್ರಿಪ್ಪುಗಳೆಲ್ಲ ಒಂದು ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿಕೊಂಡು ಒದ್ದೆ ಎಲೆಯ ಪಕ್ಕದಲ್ಲಿ ತಣ್ಣಗೆ ಮಲಗಿದ್ದವು. ಅವುಗಳ ಡಬ್ಬಿ? ಅದರ ತುಂಬ ಸುಣ್ಣ. "ಡಬ್ಬಿ ಬಲು ಚಂದಾಗೈತೆ ಕಣಪ್ಪ, ಬಿಗಿ ಮುಚ್ಳ. ಎಷ್ಟು ದಿನ ಇಟ್ರೂ ಸುಣ್ಣ ಒಣಗಲ್ಲ" ಎಂದು ನನಗೆ ತೋರಿಸಿದರು. ಅವರ ಲೆಕ್ಕ ಅವರಿಗೆ ಸರಿ. ಬಿಗಿ ಮುಚ್ಚಳದ ಡಬ್ಬಿ ಸಿಕ್ಕರೆ ಅದು ಸುಣ್ಣಕ್ಕೆ ಸಲ್ಲಬೇಕು, ಬೆಲೆಬಾಳುವ ವಸ್ತುವಾದರೆ ಸಂಚಿಯೊಳಗೇ ಇರಬೇಕು. ಇಷ್ಟು ವರ್ಷ ಆ ಸಂಚಿ ಅವರ ಮಾನ, ಪ್ರಾಣ, ಬಸ್ ಚಾರ್ಜು ಎಲ್ಲವನ್ನೂ ಕಾಪಾಡಿದೆ. ತೇವ ತಗುಲಿದರೆ ಈ ಪಟ್ಟಿ ಸಾಯುತ್ತದೆ ಎಂದು ಅದಕ್ಕಾದರೂ ಹೇಗೆ ಗೊತ್ತಾಗಬೇಕು?

ಇಲ್ಲಿದೆ ನನ್ನ ಎರಡನೆಯ ತಪ್ಪೊಪ್ಪಿಗೆ. ಹೇಳಲು ಒಂದು ವಾಕ್ಯ ಸಾಕಿತ್ತು. ನಾನು ಹೇಳಲಿಲ್ಲ. "ಹೋಗ್ಲಿ ಬಿಡಿ ಹಾಲಮ್ಮನೋರೆ, ಇಲ್ಲೇ ನೋಡಿದ್ರಾಯ್ತು" ಎಂದೆ. ಅವರು ಮುಂದಿನ ಸಂತೆಗೂ ಬಂದರು, ಅದರ ಮುಂದಿನ ಸಂತೆಗೂ ಬಂದರು. ನಾನು ನೀರು ಕುಡಿಯುತ್ತ ಅವರ ಮಾತು ಕೇಳಿದೆ. ಸ್ಟ್ರಿಪ್ಪು ಒದ್ದೆಯಾಗಿದ್ದರಿಂದ ನನ್ನ ವಾರಕ್ಕೊಂದು ಅರ್ಧ ಗಂಟೆ ನನಗೆ ವಾಪಸ್ ಬಂದಿತ್ತು, ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಇದಕ್ಕಿಂತ ಚೆಂದದ ಕಾರಣ ನನ್ನಲ್ಲಿಲ್ಲ.

ಮೂರನೆಯ ಸಂತೆಗೆ ಬಂದವರ ಮೊಣಕೈಗೆ ಬ್ಯಾಂಡೇಜು. ಏನಾಯಿತೆಂದು ಕೇಳಿದೆ. ಮಧ್ಯದಲ್ಲಿ ಒಂದು ದಿನ ಸುಸ್ತೆನಿಸಿ ಅದೇ ಮಿಷನ್ನಿನಲ್ಲಿ ನೋಡಿಕೊಂಡಿದ್ದಾರೆ. ಅದು ಮತ್ತೆ ನಾನೂರು ಎಂದಿದೆ. ಹೆದರಿ ಎರಡು ಹೊತ್ತು ಮುದ್ದೆ ಬಿಟ್ಟು, ಮಾತ್ರೆ ಮಾತ್ರ ನುಂಗಿದ್ದಾರೆ. ಸಕ್ಕರೆ ಪೂರ್ತಿ ಇಳಿದು ಅಂಗಳದಲ್ಲಿ ತಲೆ ತಿರುಗಿ ಬಿದ್ದಿದ್ದಾರೆ. ಪಕ್ಕದ ಮನೆಯವರು ಬೆಲ್ಲದ ನೀರು ಕುಡಿಸಿದರಂತೆ. "ಕಲ್ಲಿನ ಮೇಲೆ ಬಿದ್ದಿದ್ರೆ ಅಲ್ಲೇ ಮುಗೀತಿತ್ತು" ಎಂದು ನಗುತ್ತಾ ಹೇಳಿದರು.

ನನಗೆ ಕೂರಲಾಗಲಿಲ್ಲ. ಎದ್ದು ಅವರ ಕೈಯಿಂದ ಸುಣ್ಣದ ಡಬ್ಬಿ ತೆಗೆದುಕೊಂಡೆ. "ಹಪ್ಪಳದ ಡಬ್ಬಿ ಮುಚ್ಚಳ ತೆಗೆದಿಟ್ರೆ ಏನಾಗ್ತದೆ?" ಎಂದು ಕೇಳಿದೆ.

"ಮೆತ್ತಗಾಯ್ತವೆ."

"ಇವೂ ಹಂಗೇ. ಮಿಷನ್ ಕೆಟ್ಟಿಲ್ಲ, ಸ್ಟ್ರಿಪ್ಪು ಮೆತ್ತಗಾಗಿದಾವೆ. ಈ ಡಬ್ಬಿ ಇವಕ್ಕೇ ಅಂತ ಮಾಡಿರೋದು. ತೇವ ಹೀರ್ಕೊಳ್ಳೋ ಮದ್ದು ಇದರೊಳಗೇ ಇರ್ತದೆ. ಒಂದು ತೆಗೆದ ತಕ್ಷಣ ಮುಚ್ಚಬೇಕು." ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ನಂಗೆ ಮೊದಲನೇ ದಿನಾನೇ ಗೊತ್ತಾಗಿತ್ತು ಹಾಲಮ್ಮನೋರೆ. ಹೇಳಿದ್ರೆ ನೀವು ಬರೋದು ಬಿಡ್ತೀರಿ ಅಂತ ಹೇಳಲಿಲ್ಲ."

ಅವರು "ಹಂಗಾ" ಎಂದರು. ಡಬ್ಬಿ ಈಸಿಕೊಂಡು, ಸಂಚಿ ಕಟ್ಟಿಕೊಂಡು, ಬೆರಳು ಚುಚ್ಚಿಸಿಕೊಳ್ಳದೆಯೇ ಎದ್ದು ಹೋದರು.

ಮುಂದಿನ ಸಂತೆಗೆ ಅವರು ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಕಿಟಕಿಯ ಹತ್ತಿರ ನಿಲ್ಲುವ ಧೈರ್ಯವೂ ನನಗಿರಲಿಲ್ಲ. ಆ ಎರಡು ವಾರ ನಾನು ಸ್ಟ್ರಿಪ್ಪಿನ ಬಗ್ಗೆ ಬಹಳ ಯೋಚಿಸಿದೆ. ಮುಚ್ಚಳ ತೆಗೆದಿಟ್ಟರೆ ಗಾಳಿಯ ತೇವಕ್ಕೇ ಕೆಡುತ್ತದೆ. ಹಾಗೆಂದು ಭದ್ರವಾಗಿ ಮುಚ್ಚಿ ಬೀರುವಿನಲ್ಲಿಟ್ಟರೆ ಉಳಿಯುತ್ತದೆಯೇ? ಅದೂ ಇಲ್ಲ. ಒಂದು ಹನಿಯನ್ನೂ ಕಾಣದೆ ಒಳಗೊಳಗೇ ವಯಸ್ಸಾಗಿ ಒಂದು ದಿನ ಕಸದ ಬುಟ್ಟಿಗೆ ಹೋಗುತ್ತದೆ. ಬನ್ನು ತಿಂದೆ, ಟೀ ಕುಡಿದೆ, ಅದರ ಮೇಲೆ ನೀರು ಕುಡಿದೆ. ಒಂಟಿಯಾಗಿರುವುದು ನನಗೆ ಅಭ್ಯಾಸ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಆ ಎರಡು ವಾರದಲ್ಲಿ ಅದು ಸುಳ್ಳೆಂದು ಗೊತ್ತಾಯಿತು.

ಮೂರನೆಯ ಸಂತೆಯ ದಿನ ಹನ್ನೊಂದರ ಹೊತ್ತಿಗೆ ತಲೆ ಎತ್ತಿದರೆ ಹಾಲಮ್ಮ ಬೋರ್ಡಿಗೆ ಬೆನ್ನು ಮಾಡಿ ಕೂತಿದ್ದಾರೆ. ಮಡಿಲಲ್ಲಿ ಮೀಟರು. ಪಕ್ಕದಲ್ಲಿ ಹೊಸ ಸ್ಟ್ರಿಪ್ಪಿನ ಡಬ್ಬಿ, ಅದರ ಮುಚ್ಚಳದ ಸುತ್ತ ನೂಲು ಸುತ್ತಿ ಮೂರು ಗಂಟು ಹಾಕಿದ್ದಾರೆ.

"ಸಿಟ್ಟಾ?" ಎಂದೆ.

"ಊಂ, ಬಂದಿತ್ತು. ಮಗಳ ಮನೆಗೆ ಹೋಗಿ ಎರಡು ವಾರ ಸಿಟ್ಟು ಮಾಡ್ಕೊಂಡೇ ಇದ್ದೆ. ಆಮ್ಯಾಕೆ ಯೋಚ್ನೆ ಮಾಡ್ದೆ. ನಾನು ಬರ್ಲಿ ಅಂತ ಆಸೆ ಪಡೋರು ಈ ವಯಸ್ನಾಗೆ ಇನ್ಯಾರವ್ರೆ ನಂಗೆ?" ಎಂದು ಗಂಟು ಬಿಚ್ಚತೊಡಗಿದರು. ಮೂರನೆಯ ಗಂಟು ಬಿಚ್ಚಿ, ಒಂದು ಸ್ಟ್ರಿಪ್ಪು ತೆಗೆದು, ತಕ್ಷಣ ಮುಚ್ಚಳ ಒತ್ತಿ, ನನ್ನ ಕಡೆ ಕೈ ಚಾಚಿದರು. "ಎಲ್ಲಿ, ಬೆರಳು ಕೊಡು."

"ನಂಗ್ಯಾಕೆ?"

"ಕೊಡೋ ಸುಮ್ನೆ. ಸೂಜಿ ಹೊಸಾದು ಹಾಕಿದೀನಿ. ನಾನು ಬಂದಾಗ್ಲೆಲ್ಲ ನೋಡಿದೀನಿ, ಒಂದು ಮಾತಿಗೆ ಒಂದು ಲೋಟ ನೀರು ಕುಡೀತೀಯ. ನಮ್ಮನೆಯೋರೂ ಹಿಂಗೇ ಕುಡೀತಿದ್ರು. ಆಗ ನಂಗೆ ತಿಳೀಲಿಲ್ಲ."

ಸಾವಿರಾರು ಜನರ ಬೆರಳು ಹಿಡಿದವನು ನಾನು. ನನ್ನ ಬೆರಳನ್ನು ಯಾರಾದರೂ ಹಿಡಿದದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಅವರ ಅಂಗೈ ಒರಟಾಗಿತ್ತು, ಸುಣ್ಣದ ವಾಸನೆ ಬರುತ್ತಿತ್ತು. ನಾನು ಅವರಿಗೆ ಚುಚ್ಚುತ್ತಿದ್ದಂತೆಯೇ ಬೆರಳ ಪಕ್ಕಕ್ಕೆ ಚುಚ್ಚಿದರು, ಮೊದಲ ಹನಿ ಒರೆಸಿ ಎರಡನೆಯದನ್ನು ಮುಟ್ಟಿಸಿದರು. ಐದು ಸೆಕೆಂಡು ಕಳೆಯಿತು. ಅಂಕಿ ಬಂತು. ಅವರು ಕಣ್ಣು ಕಿರಿದು ಮಾಡಿ ಒಂದೊಂದಾಗಿ ಓದಿದರು. "ಎರಡು. ಎಂಟು. ಆರು." ಆಮೇಲೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

"ಮನೇಲಿ ಯಾರಿಗೆ ಹೇಳ್ತೀಯ?"

"ಯಾರೂ ಇಲ್ಲ."

"ನಂಗೆ ಗೊತ್ತಾಯ್ತಲ್ಲ, ಬಿಡು. ಇದನ್ನೇ ನಂಬ್ಕೊಂಡು ಕೂರ್ಬೇಡ, ನಿಮ್ಮ ದೊಡ್ಡ ಮಿಷನ್ನಾಗೂ ನೋಡ್ಸು. ನಾಳೆ ಡಾಕ್ಟ್ರ ತಾವ ಹೋಗು. ಬರೋ ಸಂತೆಗೆ ಬತ್ತೀನಿ, ಏನಂದ್ರು ಅಂತ ನಂಗೆ ಹೇಳ್ಬೇಕು." ಸಂಚಿ ಕಟ್ಟಿಕೊಂಡು, ಸಂತೆಗೆ ಹೊತ್ತಾಯಿತೆಂದು ಹೊರಟೇಬಿಟ್ಟರು. ಅವತ್ತು ಎಲೆ ಹಾಕುವುದನ್ನೂ ಮರೆತಿದ್ದರು.

ನಾನು ಕಣ್ಣೊರೆಸಿಕೊಂಡು ಒಂದು ಫಾರಂ ತೆಗೆದೆ. ಹೆಸರು ಬರೆದೆ, ವಯಸ್ಸು ಬರೆದೆ, ಊರು ಬರೆದೆ. 'ಕಳಿಸಿದವರು' ಎಂಬಲ್ಲಿಗೆ ಬಂದಾಗ ಕೈ ಅಭ್ಯಾಸಬಲದಿಂದ 'ಸೆ' ಎಂದು ಶುರುಮಾಡಿತ್ತು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬೇರೆ ಬರೆದು ಶೈಲಜಾ ಮೇಡಂಗೆ ಕೊಟ್ಟೆ.

ಅವರು ಟೈಪ್ ಮಾಡುತ್ತಿದ್ದವರು ಕನ್ನಡಕ ಮೇಲೆತ್ತಿದರು. "ಹಾಲಮ್ಮ, ಸಿಂಗಟಗೆರೆ. ಇವ್ರು ಯಾವ ಡಾಕ್ಟ್ರು ಸರ್? ನಾನು ಕೇಳೇ ಇಲ್ಲ."

"ಹೊಸಬರು ಮೇಡಂ," ಎಂದೆ. "ಸಂತೆ ದಿನ ಮಾತ್ರ ಸಿಗ್ತಾರೆ."